‘ಥೆರಪಿ ವಾಕರ್’ ಎಂದು ಹೇಳಿ ಮಾರುವವರನ್ನು ನಂಬಬೇಡಿ: 7,200 ರೂಪಾಯಿ ಕೊಟ್ಟು ಮೋಸಹೋದವನ ಮಾತು

ನಡೆಯುವುದು ತಡವಾಗಿರುವ ಮಗು ನಿಮ್ಮ ಮನೆಯಲ್ಲಿದ್ದು, ಯಾರಾದರೂ ನಾಲ್ಕಾರು ಗಾಲಿಗಳ ಮೇಲೆ ಬಟ್ಟೆಯ ಸೀಟು ತೂಗುಹಾಕಿದ ವಾಕರನ್ನು ತೋರಿಸಿ ‘ಇದು ಥೆರಪಿಗೆ ಅಂತಲೇ ಮಾಡಿದ್ದು’ ಎಂದರೆ, ದಯವಿಟ್ಟು ಎದ್ದು ಬನ್ನಿ. ನಾನು ಏಳಲಿಲ್ಲ. ಅದಕ್ಕಾಗಿ ಇಷ್ಟುದ್ದ ಬರೆಯಬೇಕಾಗಿ ಬಂದಿದೆ.

ನನ್ನದು ಲೆಕ್ಕ ತಪಾಸಣೆಯ ಕೆಲಸ. ಬೇರೆಯವರ ಬಿಲ್ಲುಗಳಲ್ಲಿ ದಿನಾಂಕ ಸರಿಯಿದೆಯೇ, ಸಹಿ ಇದೆಯೇ, ವಸ್ತುವಿನ ಹೆಸರು ಪೂರ್ತಿ ಬರೆದಿದ್ದಾರೆಯೇ ಎಂದು ಕೊಕ್ಕೆ ತೆಗೆಯುವುದಕ್ಕೇ ನನಗೆ ಸಂಬಳ ಬರುತ್ತದೆ. ಅಂಥ ನಾನು ‘ಬೇಬಿ ಐಟಂ – 1, ರೂ. 7,200’ ಎಂದಷ್ಟೇ ಗೀಚಿದ್ದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಕೊಟ್ಟವನಿಗೆ ಕೈಮುಗಿದು ಬಂದಿದ್ದೇನೆ. ಹೆಂಡತಿಗೆ ಇದನ್ನು ಹೇಳುವುದಕ್ಕೆ ಎರಡು ದಿನ ಹಿಡಿಯಿತು.

ಮಗ 34ನೇ ವಾರಕ್ಕೇ ಹುಟ್ಟಿದವನು. ಹದಿನೈದು ತಿಂಗಳು ತುಂಬಿದ್ದರೂ ಅಂಬೆಗಾಲಿಡುತ್ತಿರಲಿಲ್ಲ, ಹಿಡಿದುಕೊಂಡರೂ ನಿಲ್ಲುತ್ತಿರಲಿಲ್ಲ. ಕೂರಿಸಿದ ಕಡೆ ಕೂತು ನಗುತ್ತಿದ್ದ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಎಷ್ಟು ವಾರ ಮುಂಚೆಯೋ ಅಷ್ಟನ್ನು, ಎಂದರೆ ನಮ್ಮವನಿಗೆ ಆರು ವಾರಗಳನ್ನು, ಕಳೆದು ವಯಸ್ಸು ಲೆಕ್ಕ ಹಾಕಬೇಕೆಂದೂ, ಮಕ್ಕಳು ತಾವಾಗಿ ನಡೆಯುವುದಕ್ಕೆ ಸುಮಾರು ಹದಿನೇಳೂವರೆ ತಿಂಗಳವರೆಗೂ ವಿಶ್ವ ಆರೋಗ್ಯ ಸಂಸ್ಥೆಯೇ ಅವಕಾಶ ಕೊಡುತ್ತದೆಂದೂ, ಆದರೆ ಹಿಡಿದುಕೊಂಡು ನಿಲ್ಲುವುದು ಇಷ್ಟು ಹೊತ್ತಿಗೆ ಬರಬೇಕಿತ್ತೆಂದೂ ನಮ್ಮ ಮಕ್ಕಳ ವೈದ್ಯರು ಲಸಿಕೆಗೆ ಹೋದಾಗ ಬಿಡಿಸಿ ಹೇಳಿ, ಫಿಸಿಯೋಥೆರಪಿಗೆ ಚೀಟಿ ಬರೆದುಕೊಟ್ಟಿದ್ದರು. ಬಾಗಿಲವರೆಗೆ ಬಂದ ನಮ್ಮನ್ನು ಕರೆದು, “ವಾಕರ್ ಮಾತ್ರ ತರಬೇಡಿ” ಎಂದೂ ಹೇಳಿದ್ದರು. ಹೇಳಿದ್ದರು! ಆ ಚೀಟಿ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ಮೂರು ವಾರ ಇತ್ತು. ಅಷ್ಟರಲ್ಲಿ ಎದುರು ಮನೆಯ, ನಮ್ಮವನಿಗಿಂತ ಒಂದು ತಿಂಗಳು ಚಿಕ್ಕವಳಾದ ಹುಡುಗಿ ಕಾಲ್ಗೆಜ್ಜೆ ಹಾಕಿಕೊಂಡು ಮಹಡಿಯ ಪಡಸಾಲೆಯಲ್ಲೆಲ್ಲ ಓಡಾಡತೊಡಗಿದಳು. ನಮ್ಮಮ್ಮ ಒಂದು ಮಾತೂ ಆಡಲಿಲ್ಲ. ಗೆಜ್ಜೆಯ ಸದ್ದು ಕೇಳಿದಾಗಲೆಲ್ಲ ಎದ್ದು ಬಾಗಿಲು ಹಾಕುತ್ತಿದ್ದರು, ಅಷ್ಟೇ.

ಕಡೆಗೆ ನಾನು ವಾಕರ್ ಕೊಂಡ ಅಂಗಡಿ ಬೆಂಗಳೂರಿನ ಜಯನಗರದ ಕಡೆ ಇದೆ. ಮುಂದೆ ಮಕ್ಕಳ ಸಾಮಾನು, ಹಿಂದೆ ಪರದೆ ಕಟ್ಟಿದ ಒಂದು ಕೋಣೆ, ಅದರ ಮೇಲೆ ‘ಚೈಲ್ಡ್ ಡೆವಲಪ್‌ಮೆಂಟ್ ಕನ್ಸಲ್ಟೇಷನ್’ ಎಂಬ ಹಲಗೆ. ಬಿಳಿ ಕೋಟು ತೊಟ್ಟ ಒಬ್ಬ ಯುವಕ ಮಗನ ಮೀನಖಂಡವನ್ನು ಎರಡು ಸಲ ಒತ್ತಿ ನೋಡಿ, “ಮಸಲ್ಸ್ ವೀಕ್ ಇದೆ ಸರ್, ವಾಕರಲ್ಲಿ ಕೂರಿಸಿದ್ರೆ ತಾನೇ ಸ್ಟ್ರಾಂಗ್ ಆಗುತ್ತೆ” ಎಂದ. ವೈದ್ಯರು ಬೇಡ ಎಂದಿದ್ದಾರೆ ಎಂದು ನಾನು ಬಾಯಿಬಿಟ್ಟು ಹೇಳಿದೆ. ಅವನು ನಕ್ಕ. “ಅವರು ಹೇಳೋದು ಆರ್ಡಿನರಿ ವಾಕರ್ ಬಗ್ಗೆ ಸರ್. ಇದು ಡಿಲೇ ಇರೋ ಮಕ್ಕಳಿಗೇ ಬರೋ ಮಾಡೆಲ್.” ಈ ಒಂದು ವಾಕ್ಯ ನನ್ನ ಬಾಯಿ ಮುಚ್ಚಿಸಿತು. ವಾಕರಿನ ಮುಂಭಾಗದ ತಟ್ಟೆಯ ಮೇಲೆ ನೀಲಿ ಬಣ್ಣದ ದೊಡ್ಡ ಲೇಬಲ್ಲಿನಲ್ಲಿ ‘ಥೆರಪಿ ವಾಕರ್’ ಎಂದು ಬರೆದಿತ್ತು. ಬರೆದಿದೆಯಲ್ಲ, ಮತ್ತೇನು ಬೇಕು ಎಂದುಕೊಂಡೆ.

ಇಪ್ಪತ್ತೆರಡು ದಿನ, ದಿನಕ್ಕೆ ಮೂರು ಗಂಟೆ ಕೂರಿಸಿದೆವು. ಅವನು ಅದರಲ್ಲಿ ನಿಲ್ಲಲಿಲ್ಲ, ತೂಗಾಡಿದ. ಪಾದ ನೆಲಕ್ಕೆ ಊರುತ್ತಿರಲಿಲ್ಲ. ಬೆರಳ ತುದಿಯಿಂದ ನೆಲ ಒದ್ದು ಹಿಂದಕ್ಕೆ ಜಾರುತ್ತಿದ್ದ, ನಾವು ಅದನ್ನು ವಿಡಿಯೋ ಮಾಡಿ ‘ನಡೀತಿದಾನೆ’ ಎಂದು ನೆಂಟರಿಗೆಲ್ಲ ಕಳಿಸುತ್ತಿದ್ದೆವು. ಹತ್ತೊಂಬತ್ತನೆಯ ದಿನ ಹಾಗೆಯೇ ಹಿಂದಕ್ಕೆ ಜಾರಿ, ಅಡುಗೆಮನೆಯಿಂದ ಪಾತ್ರೆ ತೊಳೆಯುವ ಜಾಗಕ್ಕೆ ಇಳಿಯುವ ನಾಲ್ಕಿಂಚಿನ ಮೆಟ್ಟಿಲಲ್ಲಿ ವಾಕರ್ ಸಮೇತ ಮಗುಚಿಕೊಂಡ. ನಾನು ಎರಡು ಮಾರು ದೂರದಲ್ಲೇ ನಿಂತಿದ್ದೆ, ಕೈಚಾಚುವಷ್ಟರಲ್ಲಿ ಆಗಿಹೋಯಿತು. ತಲೆಯ ಹಿಂದೆ ನಿಂಬೆಹಣ್ಣಿನಷ್ಟು ಬುಗುಟೆ ಬಂತು. ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕಾದು, ಏನೂ ತೊಂದರೆಯಿಲ್ಲ ಎಂದ ಮೇಲೆ ಬಂದೆವು. ನಾಚಿಕೆಯ ಸಂಗತಿಯೆಂದರೆ, ಅದಾದ ಮೇಲೂ ಮೂರು ದಿನ ಕೂರಿಸಿದೆವು, ಮೆಟ್ಟಿಲಿಗೆ ಮಣೆ ಅಡ್ಡ ಇಟ್ಟು.

ನಿಲ್ಲಿಸಿದ್ದು ರಾಗಿ ಸರಿಯಿಂದಾಗಿ. ತಟ್ಟೆಯ ಮೇಲೆ ಚೆಲ್ಲಿ ಒಣಗಿದ್ದ ಸರಿಯನ್ನು ನನ್ನ ಹೆಂಡತಿ ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದಾಗ ಆ ನೀಲಿ ಲೇಬಲ್ಲಿನ ಒಂದು ಮೂಲೆ ಎದ್ದಿತು. ಅಡಿಯಲ್ಲಿ ಏನೋ ಹಳದಿ ಕಂಡಿತು. ಇನ್ನಷ್ಟು ಎಳೆದರೆ ಬಾತುಕೋಳಿಯ ಕೊಕ್ಕು, ಕಣ್ಣು, ಆಮೇಲೆ ಇಡೀ ಬಾತುಕೋಳಿ. ಎಲ್ಲ ಅಂಗಡಿಯಲ್ಲೂ ಸಿಗುವ ಮಾಮೂಲಿ ವಾಕರ್ ಅದು. ನಾನು ಸಜ್ಜೆಯ ಮೇಲಿಂದ ಅದರ ಡಬ್ಬ ಇಳಿಸಿದೆ. ಅಲ್ಲೂ ಅದೇ ನೀಲಿ ಚೀಟಿ. ಕೊಬ್ಬರಿ ಎಣ್ಣೆ ಸವರಿ ನಿಧಾನವಾಗಿ ಬಿಡಿಸಿದೆ. ಎಂ.ಆರ್.ಪಿ. 2,499. ಬೇರೆಯವರ ತಿದ್ದಿದ ಅಂಕಿಗಳನ್ನು ಬೆಳಕಿಗೆ ಹಿಡಿದು ಕಂಡುಹಿಡಿಯುವ ನಾನು, ಅಡುಗೆಮನೆಯ ನೆಲದ ಮೇಲೆ ಎಣ್ಣೆಗೈಯಲ್ಲಿ ಆ ಅಂಕಿಯನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ. ದುಡ್ಡಿಗಿಂತ ಆ ಬಾತುಕೋಳಿ ನನ್ನನ್ನು ಹೆಚ್ಚು ಅಣಕಿಸಿತು.

ಇನ್ನು, ಇದನ್ನು ಕೇಳಿದ್ದಕ್ಕೆ ಅಂಗಡಿಯವರು ಕೊಟ್ಟ ಉತ್ತರಗಳು. ಇವನ್ನು ಓದಿದರೆ ಎಂಥವರೆಂದು ನಿಮಗೇ ತಿಳಿಯುತ್ತದೆ. ಮೊದಲು, “ಸ್ಟಿಕರ್ ಕಂಪನಿಯಿಂದಲೇ ಬರುತ್ತೆ ಸರ್.” ಫೋಟೋ ಕಳಿಸಿದ ಮೇಲೆ, “ಮಿಕ್ಕಿದ್ದು ಕನ್ಸಲ್ಟೇಷನ್ ಚಾರ್ಜ್.” ಏಳು ನಿಮಿಷ ಮೀನಖಂಡ ಒತ್ತಿದ್ದಕ್ಕೆ 4,701 ರೂಪಾಯಿ! ಬಿಲ್ಲಿನಲ್ಲಿ ಹಾಗೆ ಬರೆದಿಲ್ಲವಲ್ಲ ಎಂದರೆ, “ನೀವು ಆವತ್ತೇ ಕೇಳಬೇಕಿತ್ತು.” ಆ ಬಿಳಿ ಕೋಟಿನವನ ಓದು ಏನು ಎಂದರೆ, “ಅವರು ಈಗ ಬಿಟ್ಟಿದ್ದಾರೆ.” 2004ರಿಂದಲೇ ಕೆನಡಾ ದೇಶದಲ್ಲಿ ಇಂಥ ವಾಕರುಗಳ ಮಾರಾಟವನ್ನು ನಿಷೇಧಿಸಿದ್ದಾರೆ, ಗೊತ್ತೇ ಎಂದರೆ, “ಅದು ಕೆನಡಾ ಸರ್, ಇದು ಬೆಂಗಳೂರು.” ಇದೆಲ್ಲವನ್ನೂ ನುಂಗಿಕೊಳ್ಳಬಹುದಿತ್ತು. ಕೊನೆಯದನ್ನು ಮಾತ್ರ ಆಗಲಿಲ್ಲ: “ನಿಮ್ಮ ಮಗುವಲ್ಲೇ ಪ್ರಾಬ್ಲಂ ಇದ್ರೆ ವಾಕರ್ ಏನು ಮಾಡುತ್ತೆ? ದಿನಕ್ಕೆ ಐದಾರು ಗಂಟೆ ಕೂರಿಸಿದ್ರಾ?”

ಕೂರಿಸಿದ್ದರೆ ಏನಾಗುತ್ತಿತ್ತೆಂದು ಕಡೆಗೂ ವೈದ್ಯರು ಬರೆದುಕೊಟ್ಟ ಆ ಚೀಟಿ ಹಿಡಿದು ಹೋದಾಗ ಫಿಸಿಯೋಥೆರಪಿಸ್ಟ್ ತಿಳಿಸಿದರು. ನಡೆಯಲು ಬೇಕಾದದ್ದು ಸೊಂಟ, ತೊಡೆ, ಬೆನ್ನಿನ ಬಲ ಮತ್ತು ತೂಕವನ್ನು ತಾನೇ ಹೊತ್ತು ಸಮತೋಲ ಕಾಯುವ ಅಭ್ಯಾಸ. ವಾಕರಿನ ಸೀಟು ಆ ತೂಕವನ್ನು ತಾನೇ ಹೊತ್ತುಕೊಂಡುಬಿಡುತ್ತದೆ, ತಟ್ಟೆ ಅಡ್ಡಬಂದು ಮಗುವಿಗೆ ತನ್ನ ಪಾದವೇ ಕಾಣುವುದಿಲ್ಲ, ದುಡಿಯುವುದು ಮೀನಖಂಡ ಒಂದೇ. ಸ್ನಾಯು ಸಡಿಲವಿರುವ ಮಗು ತೂಗಾಡುತ್ತದೆ, ಬಿಗಿಯಿರುವ ಮಗು ತುದಿಗಾಲಿನ ಅಭ್ಯಾಸವನ್ನೇ ಕಲಿಯುತ್ತದೆ. ಎಂದರೆ ತಡವಾಗಿರುವ ಮಗುವಿಗೇ ಇದು ಇನ್ನಷ್ಟು ಕೆಟ್ಟದ್ದು. ನಿಜವಾದ ಚಿಕಿತ್ಸೆಯ ವಾಕರ್ ಎಂಬುದು ಬೇರೆಯೇ ಇದೆ. ಸೆರೆಬ್ರಲ್ ಪಾಲ್ಸಿಯಂಥ (ಮಿದುಳಿನ ಹಾನಿಯಿಂದ ಚಲನೆಗೆ ಅಡ್ಡಿಯಾಗುವ) ತೊಂದರೆಯಿರುವ ಕೆಲವು ಮಕ್ಕಳಿಗೆ ಅಳತೆ ತೆಗೆದು ಕೊಡುವ, ಮಗು ತನ್ನ ಪಾದದ ಮೇಲೆ ನಿಂತು ಕೈಯಲ್ಲಿ ಹಿಡಿದು ಬೆನ್ನ ಹಿಂದಿನಿಂದ ಎಳೆದುಕೊಂಡು ನಡೆಯುವ ಚೌಕಟ್ಟು ಅದು. ಆ ಹೆಸರನ್ನು ಇದಕ್ಕೆ ಅಂಟಿಸಿದ್ದೇ ಇವರ ವ್ಯಾಪಾರ. ಚನ್ನಪಟ್ಟಣದ ಕಡೆಯ ಮರದ ಮೂರು ಗಾಲಿಯ ಗಾಡಿ ತರಲೇ ಎಂದು ಅಮ್ಮ ಕೇಳಿದ್ದಕ್ಕೆ, ಅದನ್ನು ಮಗು ಹಿಂದೆ ನಿಂತು ತಳ್ಳುವುದರಿಂದ ಅದು ಬೇರೆ ಮಾತು, ಆದರೆ ಮೊದಲು ನಿಲ್ಲುವುದನ್ನು ಕಲಿಯಲಿ ಎಂದರು.

ಆ ರಾತ್ರಿ ಸಿಕ್ಕಿದ್ದನ್ನೆಲ್ಲ ಓದಿದೆ. ಅಮೆರಿಕದಲ್ಲಿ 1990ರಿಂದ 2014ರವರೆಗೆ ವಾಕರುಗಳಿಂದ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದ, ಹದಿನೈದು ತಿಂಗಳೊಳಗಿನ ಮಕ್ಕಳ ಸಂಖ್ಯೆ 2,30,000ಕ್ಕೂ ಹೆಚ್ಚು. ಬಹುಪಾಲು ಮೆಟ್ಟಿಲಿಂದ ಬಿದ್ದವರು, ಪೆಟ್ಟು ಬಹುಪಾಲು ತಲೆಗೆ, ಕತ್ತಿಗೆ. ಐರ್ಲೆಂಡಿನಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ವಾಕರಿನಲ್ಲಿ ಕಳೆದ ಪ್ರತಿ 24 ಗಂಟೆಗೆ ಮಗು ತಾನಾಗಿ ನಡೆಯುವುದು ಸರಾಸರಿ 3.3 ದಿನ ತಡವಾಗುವುದು ಕಂಡುಬಂದಿತ್ತು. ನಮ್ಮದು 66 ಗಂಟೆ. ಸಾಮಾನ್ಯ ಮಕ್ಕಳ ಸರಾಸರಿಯನ್ನು ನನ್ನ ಮಗನಿಗೆ ಹೊಂದಿಸಬಾರದೆಂದು ಗೊತ್ತಿದ್ದೂ ಕೂತು ಗುಣಿಸಿದೆ: ಒಂಬತ್ತು ದಿನ. ನಾನೇ ದುಡ್ಡು ಕೊಟ್ಟು ಕೊಂಡ ಒಂಬತ್ತು ದಿನ.

ನೀವು ಮಾಡಬೇಕಾದ್ದು ಇಷ್ಟೇ. ಹದಿನೆಂಟು ತಿಂಗಳಾದರೂ ನಡೆಯದ, ಅಥವಾ ಅದಕ್ಕೆ ಮುಂಚೆಯೇ ನಿಲ್ಲದ, ಕೂರದ ಮಗುವನ್ನು ಅಂಗಡಿಗೆ ಕರೆದೊಯ್ಯಬೇಡಿ; ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆ ಈ ಊರಿನಲ್ಲೇ ಇದೆ. ಎಂ.ಆರ್.ಪಿ. ಮೇಲೆ ಚೀಟಿ ಅಂಟಿಸಿ ಹೆಚ್ಚು ಬೆಲೆಗೆ ಮಾರುವುದು ಅಪರಾಧ; ತೂಕ, ಅಳತೆ, ಎಂ.ಆರ್.ಪಿ. ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಬರೆಯಿರಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ. ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಮತ್ತು ಬಿಲ್ಲಿನಲ್ಲಿ ವಸ್ತುವಿನ ಹೆಸರು ಬರೆಸಿಕೊಳ್ಳಿ, ನನ್ನ ಹಾಗೆ ‘ಬೇಬಿ ಐಟಂ’ ಕೊಂಡುಕೊಂಡು ಬರಬೇಡಿ.

ನಾನು ಕೊಟ್ಟ ದೂರು ದಾಖಲಾದ ಮೇಲೆ ಅಂಗಡಿಯವರು 1,500 ರೂಪಾಯಿ ಕೊಡುತ್ತೇವೆ, ದೂರು ವಾಪಸ್ ತೆಗೆದುಕೊಳ್ಳಿ ಎಂದರು. ನಾನು ಒಪ್ಪಿಲ್ಲ. ಮಗನಿಗೀಗ ಹತ್ತೊಂಬತ್ತು ತಿಂಗಳು. ದಿವಾನದ ಅಂಚು ಹಿಡಿದು ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆಯಿಡುತ್ತ ಈ ತುದಿಯಿಂದ ಆ ತುದಿಗೆ ಹೋಗುತ್ತಾನೆ, ಅಲ್ಲಿ ದಿವಾನ ಮುಗಿದಾಗ ಕೂಗುತ್ತಾನೆ. ಮನೆಗೆಲಸಕ್ಕೆ ಬರುವಾಕೆ ತಮ್ಮ ಮೊಮ್ಮಗುವಿಗೆ ಆ ವಾಕರ್ ಕೊಡುವಿರಾ ಎಂದು ಕೇಳಿದರು, ಕೊಡಲಿಲ್ಲ. ದೂರಿಗೆ ಸಾಕ್ಷಿಯಾಗಿ ಬೇಕಾದ್ದರಿಂದ ಸದ್ಯಕ್ಕೆ ಸಜ್ಜೆಯ ಮೇಲಿದೆ. ತೀರ್ಮಾನವಾದ ದಿನ ಗಾಲಿ ಕಿತ್ತು, ಸೀಟು ಹರಿದು ಗುಜರಿಗೆ ಹಾಕುತ್ತೇನೆ.