ಬೋರ್ಡಿಲ್ಲದ ಅಂಗಡಿಯಲ್ಲಿ ನನ್ನ ಹಳೇ ವಿಮಾನ

ದಾವಣಗೆರೆಯಲ್ಲಿ ರಿಮೋಟ್ ವಿಮಾನ ರಿಪೇರಿ ಮಾಡೋರು ಇದ್ದಾರಾ ಅಂತ ಇಬ್ಬರು ಮೂವರು ಕೇಳಿದ್ದರು. ಒಬ್ಬರಿದ್ದಾರೆ. ಮಂಡಿಪೇಟೆ ಕಡೆ ಒಂದು ಓಣಿಯಲ್ಲಿ ಮಿಕ್ಸಿ, ಫ್ಯಾನ್ ಮೋಟಾರ್ ಸುತ್ತುವ ಪುಟ್ಟ ಅಂಗಡಿ. ಬೋರ್ಡು ಇಲ್ಲ. ನಾವೆಲ್ಲ ಅವರನ್ನು ಮೇಷ್ಟ್ರು ಅಂತೀವಿ.

ನಾನು ಕೊಂಡಿದ್ದು ಬೆಂಗಳೂರಿನ ಹುಡುಗನೊಬ್ಬನ ಸೆಕೆಂಡ್ ಹ್ಯಾಂಡ್ ಟ್ರೈನರ್, ಅಂದರೆ ಹಾರಿಸೋದು ಕಲಿಯೋರ ವಿಮಾನ. ಬಾಲ್ಸಾ ಅನ್ನೋ ಹಗುರ ಮರದ್ದು, ರೆಕ್ಕೆ ಈ ತುದಿಯಿಂದ ಆ ತುದಿಗೆ 160 ಸೆಂ.ಮೀ., ಬ್ಯಾಟರಿ ಸೇರಿ ತೂಕ 2.3 ಕೆಜಿ. 6,500 ರೂಪಾಯಿ ಕೊಟ್ಟೆ. ಫೋಟೋದಲ್ಲಿ ಫಳಫಳ ಹೊಳೀತಿತ್ತು. ಬಿಚ್ಚಿ ನೋಡಿದರೆ ಬಾಲ ಎರಡು ಸಲ ಮುರಿದು ಅಂಟಿಸಿದ್ದು. ಮೊದಲು ಅದಕ್ಕೆ ಎಣ್ಣೆ ಬೆರೆಸಿದ ಇಂಧನದಲ್ಲಿ ಓಡೋ ನೈಟ್ರೋ ಇಂಜಿನ್ ಇತ್ತಂತೆ, ಆಮೇಲೆ ಬ್ಯಾಟರಿ ಮೋಟಾರ್ ಹಾಕಿದ್ದಾನೆ. ಮೂತಿಯ ಮರ ಇನ್ನೂ ಎಣ್ಣೆ ಕುಡಿದು ಕಪ್ಪಗಿತ್ತು.

ಮೇಷ್ಟ್ರು ಬಣ್ಣ, ಸ್ಟಿಕರ್ ಏನೂ ನೋಡಲಿಲ್ಲ. ರೆಕ್ಕೆಯ ಅಡಿಗೆ ಎರಡು ಬೆರಳು ಕೊಟ್ಟು ಎತ್ತಿದರು. ಬಾಲ ದಪ್ ಅಂತ ಕೆಳಗೆ ಬಿತ್ತು.

"ಇದು ವಿಮಾನ ಅಲ್ಲಪ್ಪ, ಅಂಟಿನ ಡಬ್ಬಿ. ಹೀಗೇ ಹಾರಿಸಿದ್ರೆ ಮೇಲೆದ್ದ ಕೂಡ್ಲೇ ಮೂತಿ ಎತ್ತಿ ಮಗುಚ್ಕೊಳ್ಳಬಹುದು."

ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ರೆಕ್ಕೆಯ ಅಗಲ 30 ಸೆಂ.ಮೀ. ಈ ಥರದ ವಿಮಾನ ರೆಕ್ಕೆಯ ಮುಂದಿನ ಅಂಚಿನಿಂದ ಅದರ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಎಲ್ಲೋ ತೂಗಬೇಕು, ಅಂದರೆ ಅಲ್ಲಿ ಬೆರಳು ಕೊಟ್ಟು ಎತ್ತಿದರೆ ಮೂತಿ ಕಡೆಗೂ ಬಾಲದ ಕಡೆಗೂ ವಾಲಬಾರದು. ಇದಕ್ಕೆ ಅವರು 8.8 ಸೆಂ.ಮೀ. ಅಂತ ಗುರುತು ಹಾಕಿದರು. ನನ್ನದು ತೂಗುತ್ತಿದ್ದದ್ದು 10ರ ಹತ್ತಿರ, ಆ ಮೂರನೇ ಒಂದು ಭಾಗದ ಅಂಚಿನಲ್ಲೇ. ಒಂದು ಸೆಂ.ಮೀ. ಚಿಲ್ಲರೆಗೆ ಇಷ್ಟು ಗಲಾಟೆನಾ ಅಂದುಕೊಂಡೆ. ಹೌದಂತೆ.

ಮೂತಿಗೆ ಸೀಸ ಕಟ್ಟಿದರೆ ಆಯ್ತಲ್ಲ ಮೇಷ್ಟ್ರೇ ಅಂದೆ. ಬೈದರು. ತೂಗುವ ಜಾಗದಿಂದ ಬಾಲ ದೂರ, ಮೂತಿ ಹತ್ತಿರ. ತಕ್ಕಡಿ ಕೋಲಿನ ಉದ್ದದ ತುದಿಗೆ ಸಣ್ಣ ಗುಂಡು ಸಿಕ್ಕಿಸಿದರೂ ಆ ಕಡೆ ವಾಲುತ್ತದಲ್ಲ, ಹಾಗೆ. ಬಾಲದಲ್ಲಿ ಒಂದು ಗ್ರಾಂ ಜಾಸ್ತಿ ಇದ್ದರೆ ಮೂತಿಗೆ ಮೂರು ಗ್ರಾಂ ಹಾಕಬೇಕು. ಅದಕ್ಕೇ ಹಾಕೋದಕ್ಕಿಂತ ಮೊದಲು ತೆಗಿ ಅಂತಾರೆ. ಬಾಲದ ಮೇಲಿದ್ದ ಹಳೇ ಎಪಾಕ್ಸಿ ಅಂಟನ್ನು ಬ್ಲೇಡು, ಉಪ್ಪುಕಾಗದ ಹಿಡಿದು ಕೆರೆದು ತೆಗೆದರು. ಕೆರೆದದ್ದನ್ನೆಲ್ಲ ಚಿನ್ನ ತೂಗುವ ಸಣ್ಣ ಡಿಜಿಟಲ್ ತಕ್ಕಡಿಗೆ ಸುರಿದು ತೋರಿಸಿದರು. 22 ಗ್ರಾಂ! ಅಂದರೆ ಮೂತಿಗೆ 66 ಗ್ರಾಂ ಸೀಸ ಉಳೀತು. ಬಾಕಿ ಇದ್ದದ್ದನ್ನು ಬ್ಯಾಟರಿ ಮೂರು ಸೆಂ.ಮೀ. ಮುಂದೆ ಸರಿಸಿ ಸರಿ ಮಾಡಿದರು.

ಆಮೇಲೆ ಮೂತಿಗೂ ಬಾಲಕ್ಕೂ ದಾರ ಕಟ್ಟಿ ತೂಗು ಹಾಕಿದರು. ಎಡಗಡೆ ವಾಲಿತು. ಬಲ ರೆಕ್ಕೆಯ ತುದಿಗೆ ಒಂದು ರೂಪಾಯಿ ನಾಣ್ಯ ಅಂಟಿಸಿ ಮೇಲೆ ಫಿಲ್ಮ್, ಅಂದರೆ ವಿಮಾನಕ್ಕೆ ಹೊದಿಸೋ ತೆಳು ಪ್ಲಾಸ್ಟಿಕ್ ಹಾಳೆ, ಎಳೆದರು. ಪ್ರೊಪೆಲ್ಲರ್‌ನಲ್ಲೂ ಒಂದು ಎಲೆ ಹಗುರ ಇತ್ತು, ಅದಕ್ಕೆ ಟೇಪಿನ ತುಂಡು. ಎಣ್ಣೆ ಕುಡಿದ ಮೂತಿಗೆ ಜೋಳದ ಹಿಟ್ಟು ಮೆತ್ತಿ, ಹೇರ್ ಡ್ರೈಯರ್ ಹಿಡಿದು, ಹಿಟ್ಟು ಎಣ್ಣೆ ಎಳೆದುಕೊಂಡ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿದರು. ಇದನ್ನೇ ನಾಲ್ಕು ಸಲ. ಎಣ್ಣೆ ಇದ್ದರೆ ಅಂಟು ಹಿಡಿಯಲ್ಲ, ಮೋಟಾರ್ ಗಾಳಿಯಲ್ಲೇ ಕಿತ್ತುಕೊಂಡು ಹೋಗುತ್ತೆ ಅಂದರು.

ಈಗ ಬೈಗುಳ. ಎಂಟು ದಿನ ಅಂದವರು 23 ದಿನ ಮಾಡಿದರು. ಫೋನ್ ಎತ್ತಲ್ಲ. ತೇಪೆ ಹಾಕಿದ ಫಿಲ್ಮ್ ಬೇರೆ ಕೆಂಪು, ನೋಡಿದರೆ ಅಂಗಿಗೆ ಪ್ಯಾಂಟಿನ ಬಟ್ಟೆ ಹೊಲಿದಂಗಿದೆ. ಎಲಿವೇಟರ್‌ನ (ಮೂತಿ ಮೇಲೆ ಕೆಳಗೆ ಮಾಡೋ ಬಾಲದ ಪಟ್ಟಿ) ತುಕ್ಕು ಹಿಡಿದ ಕ್ಲಿಪ್ಪು ಹಾಗೇ ಬಿಟ್ಟಿದ್ದರು, ನಾನೇ ಬದಲಾಯಿಸಿದೆ. ಬಿಲ್ ಕೇಳಿದರೆ ನಗ್ತಾರೆ. ಒಟ್ಟು 2,800 ತಗೊಂಡರು.

ಗೆಳೆಯನ ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಬೆಳಿಗ್ಗೆ ಆರೂಕಾಲಿಗೆ ಹಾರಿಸಿದೆವು. ಗಾಳಿ ಇರಲಿಲ್ಲ. ಮೇಷ್ಟ್ರೂ ಬಂದಿದ್ದರು, ಮಂಡಕ್ಕಿ ಪೊಟ್ಟಣ ಹಿಡ್ಕೊಂಡು. ತೂಕ ಸರಿ ಕೂತಿದೆಯಾ ನೋಡೋಕೆ, ಎತ್ತರಕ್ಕೆ ಹೋದ ಮೇಲೆ ಮೂತಿ ಕೆಳಗೆ ಮಾಡಿ ರಿಮೋಟಿನ ಕಡ್ಡಿ ಬಿಡು ಅಂದರು. ಬಿಟ್ಟೆ. ಎದೆ ಡವಡವ. ವಿಮಾನ ಧುಮುಕುತ್ತಾ ಧುಮುಕುತ್ತಾ ತಾನೇ ನಿಧಾನಕ್ಕೆ ಮೂತಿ ಎತ್ತಿಕೊಂಡಿತು. "ಸರಿ ಇದೆ, ಇಳಿಸು" ಅಂದರು. ಇಳಿಸೋವಾಗ ನನ್ನ ಕೈ ನಡುಗಿದ್ದು ನೋಡಿ, "2023ರ ಏಪ್ರಿಲ್ 2ಕ್ಕೆ ನಮ್ಮ ಚಳ್ಳಕೆರೆ ಹತ್ರ ಇಸ್ರೋದವರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟ ರೆಕ್ಕೆ ವಾಹನ ತಾನೇ ಬಂದು ಇಳೀತು. ನಿನ್ನದು ಎಷ್ಟರದ್ದು" ಅಂತ ಮಂಡಕ್ಕಿ ಮುಕ್ಕಿದರು.

ಚಂದ ಕಾಣಬೇಕು ಅನ್ನೋರು ಬೇರೆ ಕಡೆ ನೋಡಿಕೊಳ್ಳಿ. ನೆಟ್ಟಗೆ ಹಾರಬೇಕು ಅನ್ನೋರು ಸಂಜೆ ನಾಲ್ಕರ ಮೇಲೆ ಹೋಗಿ. ಬ್ಯಾಟರಿ ಮರೆಯಬೇಡಿ. ಅದಿಲ್ಲದೆ ತೂಗಲ್ಲ ಅಂತ ಮೊದಲ ದಿನ ನನ್ನನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದರು.