ಊರೊಳಗಷ್ಟೇ ಓಡಿಸುವವರು ಡೀಸೆಲ್ ಎಸ್‌ಯುವಿ ತಗೊಳ್ಳುವ ಮುಂಚೆ ಇದನ್ನು ಓದಿ

ಮನೆ, ಆಫೀಸು, ಮಕ್ಕಳ ಶಾಲೆ, ಬಜಾರು. ನಿಮ್ಮ ಕಾರು ಓಡುವುದು ಇಷ್ಟೇ ಆಗಿದ್ದರೆ ಈಗಿನ ಡೀಸೆಲ್ ಎಸ್‌ಯುವಿ ತಗೋಬೇಡಿ. ಸುಮಾರು ಒಂದು ಲಕ್ಷ ರೂಪಾಯಿ ಕಳೆದು, ಆರು ತಿಂಗಳು ಸರ್ವಿಸ್ ಸೆಂಟರ್‌ಗೆ ಅಲೆದು ಈ ಮಾತು ಹೇಳುತ್ತಿದ್ದೇನೆ. ನಮ್ಮ ಆಫೀಸಿನ ಗೆಳೆಯರೊಬ್ಬರು ಮುಂದಿನ ವಾರ ಇಂಥದ್ದೇ ಗಾಡಿ ಬುಕ್ ಮಾಡುವವರಿದ್ದಾರೆ. ಅವರಿಗೆ ಹೇಳುತ್ತಾ ಕೂತಾಗ, ಕಲಬುರಗಿಯಲ್ಲಿ ಇನ್ನೆಷ್ಟು ಮಂದಿ ಇದೇ ಲೆಕ್ಕ ಹಾಕುತ್ತಿರಬಹುದು ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಕಂಪನಿ ಹೆಸರು ಹೇಳುವುದಿಲ್ಲ. ಯಾವ ಕಂಪನಿಯ ಡೀಸೆಲ್ ಎಸ್‌ಯುವಿ ತಗೊಂಡರೂ ಈ ಸಮಸ್ಯೆಯ ಬೇರು ಅದರಲ್ಲಿ ಇದ್ದೇ ಇರುತ್ತದೆ.

ನಾವು ಗಾಡಿ ತಗೊಂಡಿದ್ದು 2022ರ ದಸರಾಕ್ಕೆ. ಐದು ಸೀಟಿನದು. ಅವ್ವನಿಗೆ ಮೊಣಕಾಲು ನೋವು. ಹಳೆಯ ಸಣ್ಣ ಕಾರಿನಲ್ಲಿ ಕೂತು ಏಳುವುದಕ್ಕೆ ಅವರಿಗೆ ತುಂಬಾ ಕಷ್ಟ ಆಗುತ್ತಿತ್ತು. ಎತ್ತರದ ಸೀಟು, ಇಬ್ಬರು ಮಕ್ಕಳಿಗೆ ಜಾಗ, ಮೇ ತಿಂಗಳ ಬಿಸಿಲಿಗೆ ಹಿಂದಿನ ಸೀಟಿಗೂ ಎಸಿ ಗಾಳಿ. ಇದೆಲ್ಲ ಬೇಕಿತ್ತು, ಸಿಕ್ಕಿತು. ಆ ಮಟ್ಟಿಗೆ ಗಾಡಿಯ ಬಗ್ಗೆ ನನ್ನ ತಕರಾರಿಲ್ಲ. ತಪ್ಪಿದ್ದು ಇಂಜಿನ್ ಆರಿಸುವಾಗ. "ಡೀಸೆಲ್ ತಗೋರಿ, ಮೈಲೇಜ್ ಬರ್ತದ, ಮಾರೋವಾಗ ರೇಟೂ ಬರ್ತದ" ಅಂತ ಮನೆಯ ಹಿರಿಯರೆಲ್ಲ ಹೇಳಿದರು. ಅವರು ಹೇಳಿದ್ದು ಹದಿನೈದು ವರ್ಷದ ಹಿಂದಿನ ಡೀಸೆಲ್ ಗಾಡಿಗಳನ್ನು ನೋಡಿ. ಆ ಗಾಡಿಗಳಿಗೆ ಅದು ಸರಿಯಾದ ಮಾತೇ.

ಶೋರೂಮಿನಲ್ಲಿ ಸಾಲದ ಬಗ್ಗೆ ಕೇಳಿದರು, ಬಣ್ಣ ಕೇಳಿದರು, ಸೀಟ್ ಕವರ್ ಕೇಳಿದರು. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಸೇಡಂ ರಸ್ತೆಯ ಮನೆಯಿಂದ ಸ್ಟೇಷನ್ ರಸ್ತೆಯ ಆಫೀಸಿಗೆ ನಾಲ್ಕು ಕಿಲೋಮೀಟರ್. ನಡುವೆ ಮಕ್ಕಳನ್ನು ಶಾಲೆಗೆ ಬಿಡುವುದು. ಸಂಜೆ ಒಮ್ಮೊಮ್ಮೆ ಸೂಪರ್ ಮಾರ್ಕೆಟ್. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಆದರೆ ಹೆಚ್ಚು.

2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತಲ್ಲ, ಆಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆ ಹೋಗುವ ದಾರಿಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಡೀಸೆಲ್ ಉರಿದಾಗ ಬರುವ ಕರಿ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಒಳ್ಳೆಯದೇ. ಆ ಮಸಿ ನಮ್ಮ ಮಕ್ಕಳ ಎದೆಗೆ ಹೋಗುವುದು ತಪ್ಪುತ್ತದೆ. ಆದರೆ ಹಿಡಿದ ಮಸಿಯನ್ನು ಆಗಾಗ ಸುಟ್ಟು ಖಾಲಿ ಮಾಡಬೇಕು. ಇದಕ್ಕೆ ರೀಜನರೇಷನ್ ಅನ್ನುತ್ತಾರೆ. ಮಸಿ ಸುಡಲು ಫಿಲ್ಟರ್ ಒಳಗೆ ಸುಮಾರು 600 ಡಿಗ್ರಿ ಕಾವು ಬೇಕು. ಹೈವೇಯಲ್ಲಿ ಒಂದೇ ವೇಗದಲ್ಲಿ ಹದಿನೈದಿಪ್ಪತ್ತು ನಿಮಿಷ ಓಡಿದರೆ ಗಾಡಿ ತಾನೇ ಆ ಕೆಲಸ ಮುಗಿಸುತ್ತದೆ. ನಮ್ಮ ಊರಿನ ಬಿಸಿಲಿಗೆ ಎಲ್ಲ ತಾನಾಗಿಯೇ ಕಾಯುತ್ತದೆ ಅಂದುಕೊಳ್ಳಬೇಡಿ. ಹೊರಗೆ 44 ಡಿಗ್ರಿ ಇದ್ದರೂ ಆ ಫಿಲ್ಟರಿಗೆ ಅದು ಏನೇನೂ ಅಲ್ಲ. ನಾಲ್ಕು ಕಿಲೋಮೀಟರ್‌ನಲ್ಲಿ, ಜಗತ್ ಸರ್ಕಲ್ ಸಿಗ್ನಲ್ ದಾಟುವ ಹೊತ್ತಿಗೆ, ಇಂಜಿನ್ನೇ ಸರಿಯಾಗಿ ಕಾದಿರುವುದಿಲ್ಲ.

ಗಾಡಿ ನಮಗೆ ಸೂಚನೆ ಕೊಡುತ್ತಲೇ ಇತ್ತು. ನನಗೆ ಗೊತ್ತಾಗಲಿಲ್ಲ. ಕೆಲವು ದಿನ ಇಂಜಿನ್ ಬಂದ್ ಮಾಡಿದ ಮೇಲೂ ಮುಂದಿನ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಗಾಡಿ ಹತ್ತಿರ ನಿಂತರೆ ಸುಟ್ಟ ವಾಸನೆ. ನಿಂತಲ್ಲೇ ಇಂಜಿನ್ ಶಬ್ದ ಸ್ವಲ್ಪ ಹೆಚ್ಚು. ಮೈಲೇಜ್ ಇದ್ದಕ್ಕಿದ್ದಂತೆ ಇಳಿಯುತ್ತಿತ್ತು. ಎಲ್ಲವೂ ರೀಜನರೇಷನ್ ನಡೆಯುತ್ತಿದೆ ಅನ್ನುವ ಗುರುತು. ಅಷ್ಟರಲ್ಲಿ ಮನೆ ಬಂದಿರುತ್ತಿತ್ತು, ನಾನು ಕೀಲಿ ತಿರುಗಿಸಿ ಇಳಿಯುತ್ತಿದ್ದೆ. ಹೀಗೆ ಎಷ್ಟು ಸಲ ಅರ್ಧಕ್ಕೆ ನಿಲ್ಲಿಸಿದೆನೋ ಲೆಕ್ಕವಿಲ್ಲ.

2023ರ ನವೆಂಬರ್‌ನಲ್ಲಿ ಹಳದಿ ದೀಪ ಹತ್ತಿತು. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಕೇಳಿದೆ. "ಏನೂ ಆಗಲ್ರಿ ಸರ್, ಮುಂದಿನ ಸರ್ವಿಸ್‌ನಾಗ ನೋಡೋಣ್ರಿ" ಅಂದರು. ನಂಬಿದೆ. ಅದೇ ದಿನ ಗಾಡಿಯನ್ನು ಹುಮನಾಬಾದ್ ರಸ್ತೆಗೆ ತಗೊಂಡು ಹೋಗಿ ಅರ್ಧ ತಾಸು ಓಡಿಸಿ ಬರ್ರಿ ಅಂತ ಹೇಳಿದ್ದರೆ ಪ್ರಾಯಶಃ ಅಲ್ಲಿಗೇ ಮುಗಿಯುತ್ತಿತ್ತು. ಈ ಒಂದು ಮಾತು ಅವರು ಹೇಳಲಿಲ್ಲ ಅನ್ನುವುದೇ ನನಗೆ ಇವತ್ತಿಗೂ ಹೆಚ್ಚು ನೋವು ಕೊಡುವುದು.

ಡಿಸೆಂಬರ್‌ನಲ್ಲಿ ಅವ್ವನನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೊರಟೆವು. ಅಫಜಲಪುರ ರಸ್ತೆ. ಚೌಡಾಪುರ ಇನ್ನೂ ದೂರ ಇತ್ತು. ಪರದೆ ಮೇಲೆ ಒಂದರ ಹಿಂದೆ ಒಂದು ದೀಪ ಹತ್ತಿ, ಗಾಡಿಯ ಜೀವವೇ ಹೋದಂತಾಯಿತು. ಎಕ್ಸಿಲರೇಟರ್ ಪೂರ್ತಿ ಒತ್ತಿದರೂ 40ರ ಮೇಲೆ ಹೋಗುತ್ತಿಲ್ಲ. ಇಂಜಿನ್ ಕೆಡದಿರಲಿ ಅಂತ ಗಾಡಿಯ ಕಂಪ್ಯೂಟರೇ ಶಕ್ತಿ ತಗ್ಗಿಸಿಬಿಡುತ್ತದೆ. ಇದನ್ನು ಲಿಂಪ್ ಮೋಡ್ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಹೈವೇಗೆ ಬಂದಿದ್ದೆವಲ್ಲ, ಆಗಲಾದರೂ ಮಸಿ ಸುಡಬಾರದಿತ್ತೇ ಅಂತ ನೀವು ಕೇಳಬಹುದು. ಮಸಿ ಒಂದು ಮಿತಿ ದಾಟಿದ ಮೇಲೆ ಗಾಡಿ ತಾನಾಗಿ ರೀಜನರೇಷನ್ ಮಾಡುವುದಿಲ್ಲ. ಅಷ್ಟೊಂದು ಮಸಿಗೆ ಒಮ್ಮೆಲೇ ಬೆಂಕಿ ಹತ್ತಿದರೆ ಫಿಲ್ಟರ್ ಒಡೆಯುತ್ತದೆ. ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಚ್ಚಿಯೇ ಮಾಡಬೇಕು. ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳ ಹಿಂದೆ ಮೆಲ್ಲಗೆ ವಾಪಸ್ ಬಂದೆವು. ಹಿಂದಿನ ಲಾರಿಗಳು ಹಾರ್ನ್ ಹೊಡೆದಾಗಲೆಲ್ಲ ಸಣ್ಣವಳು ಅವ್ವನ ಸೆರಗು ಹಿಡಿದುಕೊಳ್ಳುತ್ತಿದ್ದಳು. ದರ್ಶನ ಆಗಲಿಲ್ಲ.

ಸರ್ವಿಸ್ ಸೆಂಟರ್‌ನಲ್ಲಿ ಸಿಕ್ಕ ಉತ್ತರ ಇದು: "ಸರ್, ನೀವು ಗಾಡಿ ಊರಾಗೇ ಓಡಿಸ್ತೀರಿ, ಅದಕ್ಕ ಹಿಂಗ ಆಗ್ಯದ. ಇದು ವಾರಂಟಿದಾಗ ಬರಲ್ರಿ." ಮಸಿ ಸುಡಿಸಲು 5,500 ರೂಪಾಯಿ. ಮೂರು ತಿಂಗಳಿಗೆ ಮತ್ತೆ ಅದೇ ದೀಪ, ಮತ್ತೆ 5,500. ಮೇ ತಿಂಗಳಲ್ಲಿ ಮೂರನೇ ಸಲ ಹೋದಾಗ ಫಿಲ್ಟರನ್ನೇ ಬದಲಿಸಬೇಕು, 1,38,000 ಆಗುತ್ತದೆ ಅಂದರು.

ನಡುವೆ ಇನ್ನೊಂದು ವಿಷಯ ಬಯಲಾಯಿತು. ಅದನ್ನು ಹಿಡಿದವರು ನಮ್ಮ ಓಣಿಯ ಹಳೆಯ ಮಿಸ್ತ್ರಿ. ಇಂಜಿನ್ ಎಣ್ಣೆಯ ಮಟ್ಟ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದು ನೋಡಿ, ಬೆರಳಿಗೆ ಹಚ್ಚಿಕೊಂಡು ಮೂಸಿದರು. "ಸರ್, ಇಂಜಿನ್ ಎಣ್ಣಿ ದಿನಾ ಹೋದಂಗ ಕಮ್ಮಿ ಆಗ್ಬೇಕ್ರಿ. ನಿಮ್ದು ಜಾಸ್ತಿ ಆಗ್ಯದ. ಇದರಾಗ ಡೀಸೆಲ್ ಕೂಡ್ಯದ." ನನಗೆ ನಂಬಿಕೆಯೇ ಆಗಲಿಲ್ಲ. ಆದರೆ ಅವರು ಹೇಳಿದ್ದು ನಿಜ. ಫಿಲ್ಟರ್ ಕಾಯಿಸಲು ಗಾಡಿ ಸಿಲಿಂಡರಿಗೆ ತಡವಾಗಿ ಸ್ವಲ್ಪ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ಹಿಡಿದು ಕೆಳಗೆ ಎಣ್ಣೆಗೆ ಇಳಿಯುತ್ತದೆ. ರೀಜನರೇಷನ್ ಅರ್ಧಕ್ಕೆ ನಿಂತು ಮತ್ತೆ ಮತ್ತೆ ಶುರುವಾದರೆ ಎಣ್ಣೆ ತೆಳುವಾಗುತ್ತಾ ಹೋಗುತ್ತದೆ. ತೆಳು ಎಣ್ಣೆಯಲ್ಲಿ ಟರ್ಬೊ, ಬೇರಿಂಗ್ ಎಲ್ಲ ಸವೆಯುತ್ತವೆ. ಫಿಲ್ಟರ್ ಹೋದರೆ ಲಕ್ಷ, ಇಂಜಿನ್ ಹೋದರೆ ಎಷ್ಟು ಅಂತ ನೀವೇ ಯೋಚಿಸಿ. ಅವಧಿಗೆ ಮುಂಚೆಯೇ ಎರಡು ಸಲ ಎಣ್ಣೆ ಬದಲಿಸಿದೆ, ಸಲಕ್ಕೆ 7,200. ಡೀಸೆಲ್ ಎಸ್‌ಯುವಿ ಈಗಾಗಲೇ ಇರುವವರು ದಯವಿಟ್ಟು ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಿ. ಮೇಲಿನ ಗೆರೆ ದಾಟಿದ್ದರೆ ಕಾಯಬೇಡಿ. ಎಣ್ಣೆ ಹಾಕಿಸುವಾಗಲೂ ಮ್ಯಾನುಯಲ್‌ನಲ್ಲಿ ಹೇಳಿದ ಕಡಿಮೆ ಬೂದಿಯ ಎಣ್ಣೆಯನ್ನೇ ಹಾಕಿಸಿ. ಮಸಿ ಸುಡುತ್ತದೆ, ಎಣ್ಣೆಯ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಉಳಿಯುತ್ತದೆ.

"ಫಿಲ್ಟರ್ ಒಳಗಿಂದು ತೆಗೆಸಿ ಖಾಲಿ ಮಾಡ್ಸಿಬಿಡ್ರಿ, ಹದಿನೈದು ಸಾವಿರದಾಗ ಆಗ್ತದ" ಅಂತ ಹೇಳಿದವರೂ ಇದ್ದರು. ಮಾಡಿಸಲಿಲ್ಲ, ನೀವೂ ಮಾಡಿಸಬೇಡಿ. ಅದು ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ. ಮಕ್ಕಳನ್ನು ಇಳಿಸಲು ಶಾಲೆ ಗೇಟಿನ ಮುಂದೆ ನಿಲ್ಲಿಸುವ ಗಾಡಿಯಿಂದ ಆ ಕರಿ ಹೊಗೆ ಬಿಡಲು ನನಗಂತೂ ಮನಸ್ಸಾಗಲಿಲ್ಲ.

ಫಿಲ್ಟರ್ ದುಡ್ಡಿನ ವಿಷಯದಲ್ಲಿ ನಾನು ಸುಮ್ನೆ ಒಪ್ಪಿಕೊಳ್ಳಲಿಲ್ಲ. ಪ್ರತಿ ಸಲ ಸರ್ವಿಸ್ ಸೆಂಟರ್‌ನವರು ಗಾಡಿಯ ಕೆಲಸ ಬರೆದು ಕೊಡುವ ಜಾಬ್ ಕಾರ್ಡ್ ಇಟ್ಟುಕೊಂಡಿದ್ದೆ. ಮೊದಲ ದೀಪ ಹತ್ತಿದಾಗ ಫೋನ್ ಮಾಡಿದ ತಾರೀಕು ಮೊಬೈಲಿನಲ್ಲಿತ್ತು. ವಾರಂಟಿ ಇಲ್ಲ ಅನ್ನುವುದನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದೆ, ಕೊಡಲಿಲ್ಲ. ಕಂಪನಿಗೆ ಇಮೇಲ್ ಕಳಿಸಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಕ್ಕೂ ಕಾಗದ ಸಿದ್ಧ ಮಾಡಿಕೊಂಡೆ. ಮೂರು ವಾರಕ್ಕೆ ಕಂಪನಿಯವರೇ ಫೋನ್ ಮಾಡಿ ಅರ್ಧ ದುಡ್ಡು ತಾವು ಹಾಕುತ್ತೇವೆ ಅಂದರು. ಗಾಡಿ ಅಲ್ಲಿಯವರೆಗೆ ಅಲ್ಲೇ ನಿಂತಿತ್ತು, ಅವ್ವನನ್ನು ಆಸ್ಪತ್ರೆಗೆ ಆಟೋದಲ್ಲಿ ಕರೆದೊಯ್ಯುತ್ತಿದ್ದೆ. ಒಪ್ಪಿಕೊಂಡೆ. ನನ್ನ ಕೈಯಿಂದ 69,000 ಹೋಯಿತು. ಮಸಿ ಸುಡಿಸಿದ್ದು, ಎಣ್ಣೆ ಎಲ್ಲ ಸೇರಿ 94,400.

ಇನ್ನು ಉಳಿತಾಯದ ಮಾತು. ನಾನು ತಗೊಂಡಾಗ ಅದೇ ಗಾಡಿಯ ಪೆಟ್ರೋಲ್ ಮಾದರಿಗಿಂತ ಡೀಸೆಲ್ ಒಂದೂವರೆ ಲಕ್ಷ ಜಾಸ್ತಿ ಇತ್ತು. ಪೆಟ್ರೋಲ್ ಲೀಟರಿಗೆ 100, ಊರೊಳಗೆ 12 ಕಿಲೋಮೀಟರ್ ಅಂತ ಹಿಡಿಯಿರಿ. ಡೀಸೆಲ್ 90, ಮೈಲೇಜ್ 15. ಕಿಲೋಮೀಟರಿಗೆ ಉಳಿಯುವುದು ಎರಡು ರೂಪಾಯಿ ಮೂವತ್ತು ಪೈಸೆ ಆಸುಪಾಸು. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಅಂದರೆ ಹದಿನಾಲ್ಕು ಸಾವಿರ. ಹೆಚ್ಚು ಕೊಟ್ಟ ಒಂದೂವರೆ ಲಕ್ಷ ವಾಪಸ್ ಬರಲು ಹತ್ತು ವರ್ಷ ದಾಟುತ್ತದೆ. ಈ ಲೆಕ್ಕ ಹಾಕಲು ಐದು ನಿಮಿಷ ಸಾಕು. ನಾನು ಹಾಕಲಿಲ್ಲ. ಮಾರುತಿಯವರು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾರುವುದನ್ನೇ ನಿಲ್ಲಿಸಿದ್ದನ್ನು ಪೇಪರಿನಲ್ಲಿ ಓದಿದ್ದೆ, ಆದರೂ ಯಾಕೆ ಅಂತ ಯೋಚಿಸಲಿಲ್ಲ.

ವಾರಕ್ಕೆ ಎರಡು ಸಲ ಬೀದರ್, ವಿಜಯಪುರ, ಹೈದರಾಬಾದ್ ಅಂತ ಓಡಾಡುವವರಿಗೆ ಡೀಸೆಲ್ ಒಳ್ಳೆಯದೇ. ಅವರ ಫಿಲ್ಟರ್ ದಾರಿಯಲ್ಲೇ ಶುಚಿಯಾಗುತ್ತದೆ. ಆದರೆ ಅವರಿಗೂ ಒಂದು ಮಾತು. ರೀಜನರೇಷನ್ ಆಗುವಾಗ ಗಾಡಿ ಅಡಿಯ ಪೈಪು ವಿಪರೀತ ಕಾದಿರುತ್ತದೆ. ಹೊಲಕ್ಕೆ ಹೋದಾಗ ಒಣ ಹುಲ್ಲು, ತೊಗರಿ ಹೊಟ್ಟು ಬಿದ್ದ ಕಡೆ ನಿಲ್ಲಿಸಬೇಡಿ.

ಹೊಸ ಫಿಲ್ಟರ್ ಹಾಕಿಸಿದ ಮೇಲೆ ನಾನು ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಹುಮನಾಬಾದ್ ರಸ್ತೆಗೆ ಹೋಗುತ್ತೇನೆ. ಮೂವತ್ತು ಕಿಲೋಮೀಟರ್ ಹೋಗಿ, ಮೂವತ್ತು ವಾಪಸ್. ಬೇರೆ ಯಾವ ಕೆಲಸವೂ ಇರುವುದಿಲ್ಲ, ಫಿಲ್ಟರ್ ಬಿಸಿಯಾಗಬೇಕು ಅಷ್ಟೇ. ಫ್ಯಾನ್ ತಿರುಗುತ್ತಿದ್ದರೆ ಮನೆ ಮುಂದೆ ಬಂದರೂ ಬಂದ್ ಮಾಡದೆ ರಿಂಗ್ ರೋಡಿನಲ್ಲಿ ಇನ್ನೊಂದು ಸುತ್ತು ಹಾಕುತ್ತೇನೆ. ಈ ಭಾನುವಾರ ಆ ಗೆಳೆಯರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೇನೆ. ಅವರ ಮನೆಯಿಂದ ಆಫೀಸಿಗೆ ಮೂರೇ ಕಿಲೋಮೀಟರ್.