ಗುಂಡ ಎದ್ದು ನಿಂತಿದ್ದು ಟೇಪಿನಿಂದಲಾ, ಗೋಣಿಚೀಲದಿಂದಲಾ?

ನಮ್ಮ ಚುಕ್ಕಿ ಲ್ಯಾಬ್ರಡಾರ್. ಡಿಸೆಂಬರಿನ ಹಾಸನದ ಚಳಿಯಲ್ಲಿ ಮೂರೇ ಮೂರು ಮರಿ ಹಾಕಿತು. ಮರಿ ಕಡಿಮೆ, ಹಾಲು ಜಾಸ್ತಿ. 18ನೇ ದಿನ ಒಂದು ಮರಿ ಓಲಾಡುತ್ತಾ ನಾಲ್ಕು ಹೆಜ್ಜೆ ಇಟ್ಟಿತು. ಉಳಿದ ಎರಡಕ್ಕೆ ಆಗಲಿಲ್ಲ. ಅದರಲ್ಲಿ ಬೆಣ್ಣೆ ಅನ್ನುವ ಮರಿಗೆ ಮುಂಗಾಲು ಸರಿ ಇತ್ತು, ಹಿಂಗಾಲು ಜಾರುತ್ತಿತ್ತು. ಗುಂಡ ಮಾತ್ರ ನಾಲ್ಕೂ ಕಾಲು ಪಕ್ಕಕ್ಕೆ ಚಾಚಿ, ಎದೆ ನೆಲಕ್ಕೆ ಅಂಟಿಸಿಕೊಂಡು ಆಮೆ ಥರ ತೆವಳುತ್ತಿತ್ತು. ಅಡುಗೆಮನೆ ತಕ್ಕಡಿಯಲ್ಲಿ ನಡೆಯುವ ಮರಿ 1 ಕೆಜಿ 200 ಗ್ರಾಂ. ಗುಂಡ 1 ಕೆಜಿ 650.

ಇಂಥ ಮರಿಗೆ ಡಾಕ್ಟರುಗಳು ಸ್ವಿಮ್ಮರ್ ಪಪ್ಪಿ ಅನ್ನುತ್ತಾರೆ. ಸಾಮಾನ್ಯವಾಗಿ ಮರಿಗಳು ಎರಡು ವಾರ ದಾಟಿದ ಮೇಲೆ ಏಳಲು ನೋಡುತ್ತವೆ, ಮೂರು ವಾರಕ್ಕೆ ಬಿದ್ದೆದ್ದಾದರೂ ನಡೆಯುತ್ತವೆ. ಸದಾ ಹೊಟ್ಟೆ ಮೇಲೇ ಬಿದ್ದಿರುವ ಮರಿಗೆ ಕಾಲಿನ ತೊಂದರೆ ಒಂದೇ ಅಲ್ಲ. ಎಳೆ ಎದೆಗೂಡು ಭಾರಕ್ಕೆ ಚಪ್ಪಟೆಯಾಗುತ್ತದೆ, ಆಮೇಲೆ ಉಸಿರಾಟಕ್ಕೂ ಕಷ್ಟ. ನಾನು ಫೋನ್ ಮಾಡಿದ ಮೊದಲ ಡಾಕ್ಟರ್ ಮರಿಯನ್ನು ನೋಡದೆಯೇ "ಉಳಿಯಲ್ಲ, ಬಿಡಿ" ಅಂದರು. ಎರಡನೆಯವರು ಬುಟ್ಟಿ ಸಮೇತ ತರಿಸಿಕೊಂಡರು. ಬೆನ್ನು, ಸೊಂಟ ಒತ್ತಿ ನೋಡಿದರು. ಬೆರಳು ಚಿವುಟಿದಾಗ ಗುಂಡ ಕಾಲು ಎಳೆದುಕೊಂಡು ಕುಂಯ್ ಅಂದಿತು. "ನರ ಸರಿ ಇದೆ. ಈಗಲೇ ಶುರು ಮಾಡಿ, ತಡ ಮಾಡಿದಷ್ಟೂ ಕಷ್ಟ" ಅಂದರು.

ಅಲ್ಲಿಂದ ಎರಡು ವಾರ ನಮ್ಮ ಮನೆ ಪ್ರಯೋಗಶಾಲೆ.

ಮೊದಲು ನೆಲ. ನಮ್ಮದು ಕೆಂಪು ರೆಡ್ ಆಕ್ಸೈಡ್ ನೆಲ, ಅಜ್ಜನ ಕಾಲದ್ದು, ಕನ್ನಡಿ ಥರ ಹೊಳೆಯುತ್ತದೆ. ಅದರ ಮೇಲೆ ನ್ಯೂಸ್‌ಪೇಪರ್ ಹಾಸಿದ್ದೆವು. ಇದಕ್ಕಿಂತ ಕೆಟ್ಟ ಹಾಸಿಗೆ ಇಲ್ಲ. ಮರಿ ಕಾಲೂರಿದರೆ ಪೇಪರ್ ಸಮೇತ ಜಾರುತ್ತದೆ. ಯೋಗ ಮ್ಯಾಟ್ ಹಾಕಿದೆವು. ಒಣಗಿದ್ದಾಗ ಹಿಡಿತ ಚೆನ್ನಾಗಿತ್ತು, ಒಂದು ಸಲ ಉಚ್ಚೆ ಹೊಯ್ದರೆ ಮುಗೀತು, ಜಾರುಬಂಡೆ. ಬಾಗಿಲ ಮುಂದಿನ ತೆಂಗಿನ ನಾರಿನ ಮ್ಯಾಟ್ ಹಿಡಿತದಲ್ಲಿ ಎಲ್ಲಕ್ಕಿಂತ ಮುಂದು. ಆದರೆ ಗುಂಡ ಹೊಟ್ಟೆ ಎಳೆದುಕೊಂಡು ಹೋಗುತ್ತಿತ್ತಲ್ಲ, ಅರ್ಧ ದಿನಕ್ಕೆ ಹೊಟ್ಟೆಯೆಲ್ಲ ಕೆಂಪು ಗೀರು. ಎತ್ತಿಟ್ಟೆವು.

ಗೆದ್ದದ್ದು ಎರಡು. ಒಂದು, ಕಾಫಿ ತುಂಬುವ ಗೋಣಿಚೀಲ. ಸಕಲೇಶಪುರದ ನೆಂಟರ ಮನೆಯಿಂದ ಹತ್ತು ತಂದು, ತೊಳೆದು, ಪ್ಲೈವುಡ್ ಹಲಗೆಗೆ ಸುಕ್ಕಿಲ್ಲದಂತೆ ಎಳೆದು ಮೊಳೆ ಹೊಡೆದೆವು. ಸುಮ್ನೆ ಹಾಸಿದರೆ ಅದೂ ಮುದುಡುತ್ತದೆ. ಉಗುರು ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಮರಿಗಳ ಉಗುರಿನ ತುದಿ ಕತ್ತರಿಸಬೇಕಾಯಿತು. ಇನ್ನೊಂದು, ಪಕ್ಕದ ಮನೆ ಕೊಟ್ಟಿಗೆಯ ರಬ್ಬರ್ ಕೌ ಮ್ಯಾಟಿನ ತುಂಡು. ಹಸು ಜಾರದಿರಲಿ ಅಂತ ಮಾಡಿದ್ದು, ನಾಯಿಮರಿಗೂ ಆಗುತ್ತದೆ! ನೀರು ಹೊಯ್ದರೆ ಕ್ಲೀನ್. ಒಂದೇ ತೊಂದರೆ, ರಾತ್ರಿ ತಣ್ಣಗಿರುತ್ತದೆ. ಹಗಲು ರಬ್ಬರ್, ರಾತ್ರಿ ಗೋಣಿ ಅಂತ ಕೊನೆಗೆ ನಿಂತೆವು.

ಇನ್ನು ಟೇಪ್. ಎಲ್ಲರೂ ಮೊದಲು ಹೇಳುವುದು ಇದನ್ನೇ. ಎರಡು ಹಿಂಗಾಲು ಸೊಂಟದಷ್ಟೇ ಅಗಲಕ್ಕೆ ನಿಲ್ಲುವ ಹಾಗೆ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಬೇಕು. ಕಾಲು ಪಕ್ಕಕ್ಕೆ ಹರಡದೆ ಹೊಟ್ಟೆಯ ಕೆಳಗೇ ಉಳಿಯುತ್ತದೆ. ಮೊದಲು ಮೈಕ್ರೋಪೋರ್ ಅನ್ನುವ ಕಾಗದದ ಟೇಪ್ ಬಳಸಿದೆ. ಕಡಿಮೆ ಬೆಲೆ, ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಆದರೆ ಚುಕ್ಕಿ ನೆಕ್ಕಿ ನೆಕ್ಕಿ ಗಂಟೆಯೊಳಗೆ ಒದ್ದೆ ಮಾಡಿ ಕಿತ್ತುಹಾಕುತ್ತಿತ್ತು. ಉಳಿದದ್ದನ್ನು ತೆಗೆಯುವಾಗ ಕೂದಲೂ ಕಿತ್ತು ಬರುತ್ತಿತ್ತು. ಕೊಬ್ಬರಿಎಣ್ಣೆ ಸವರಿದ ಮೇಲೆಯೇ ಬಿಟ್ಟಿತು. ತನಗೆ ತಾನೇ ಅಂಟುವ ಕ್ರೇಪ್ ಬ್ಯಾಂಡೇಜ್ ಎಷ್ಟೋ ವಾಸಿ. ಕೂದಲಿಗೆ ಅಂಟಲ್ಲ, ಸ್ವಲ್ಪ ಹಿಗ್ಗುತ್ತದೆ. ಹಿಗ್ಗುವುದೇ ಅದರ ಅಪಾಯವೂ ಹೌದು. ಎಳೆದು ಸುತ್ತಿದರೆ ಬಿಗಿದುಕೊಳ್ಳುತ್ತದೆ. ಎರಡನೇ ದಿನ ಬೆಳಿಗ್ಗೆ ಗುಂಡನ ಎಡಪಾದ ತಣ್ಣಗಿತ್ತು, ಬೆರಳು ಊದಿತ್ತು. ತಪ್ಪು ನನ್ನದೇ. ಆಮೇಲೆ ಒಂದು ಕಿರುಬೆರಳು ಒಳಗೆ ಹೋಗುವಷ್ಟು ಸಡಿಲ ಬಿಟ್ಟೆ, ಎರಡು ಗಂಟೆಗೊಮ್ಮೆ ಪಾದ ಮುಟ್ಟಿ ನೋಡಿದೆ, ದಿನಾ ಬಿಚ್ಚಿ ಹೊಸದಾಗಿ ಸುತ್ತಿದೆ. ಈ ವಯಸ್ಸಿನಲ್ಲಿ ಮರಿ ದಿನದಿಂದ ದಿನಕ್ಕೆ ದಪ್ಪ ಆಗುತ್ತದೆ, ನಿನ್ನೆಯ ಅಳತೆ ಇವತ್ತು ಬಿಗಿ. ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡ್ ಹಾಕಿ ಅಂತ ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಬೇಡ. ರಕ್ತ ನಿಂತು ಕಾಲೇ ಹೋದೀತು.

ಬೆಣ್ಣೆಗೆ ನಾನು ಟೇಪ್ ಹಾಕಲೇ ಇಲ್ಲ. ನೆಲ ಬದಲಿಸಿದ್ದು, ದಿನಕ್ಕೆ ಆರು ಸಲ ಐದೈದು ನಿಮಿಷ ಕಾಲು ಹೊಟ್ಟೆ ಕೆಳಗೆ ತಂದು ಸೈಕಲ್ ತುಳಿಸಿದ ಹಾಗೆ ಆಡಿಸಿದ್ದು, ಹಲ್ಲುಜ್ಜುವ ಬ್ರಷ್ಷಿನಿಂದ ಪಾದಕ್ಕೆ ಕಚಗುಳಿ ಇಟ್ಟಿದ್ದು, ಅಷ್ಟೇ. ಹೊಟ್ಟೆ ತುಂಬುವ ಮುಂಚೆ ಮಾಡಬೇಕು, ಹಾಲು ಕುಡಿದ ಮೇಲೆ ಮಾಡಿದರೆ ಕಕ್ಕುತ್ತವೆ. ಬೆಣ್ಣೆ 24ನೇ ದಿನ ನಡೆಯಿತು. ಗುಂಡ 27ಕ್ಕೆ ಎದ್ದು ನಿಂತು, 32ಕ್ಕೆ ನಡೆಯಿತು. ಬೆಣ್ಣೆಯದು ಸಣ್ಣ ತೊಂದರೆ, ತಾನಾಗೇ ಸರಿಹೋಗುತ್ತಿತ್ತೇನೋ. ಹಾಗಾಗಿ ಇದು ಸಮಬಲದ ಪಂದ್ಯ ಅಲ್ಲ.

ಬಿಸಿನೀರಿನ ಈಜು ನೋಡುವವರಿಗೆ ಚಂದ. ಮಗುವಿನ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಗಲ್ಲದ ಕೆಳಗೆ ಕೈ, ಎರಡು ನಿಮಿಷ. ಗುಂಡನಿಗೆ ಅದು ಹೊಸದೇನಲ್ಲ, ನೆಲದ ಮೇಲೂ ಅದೇ ಮಾಡುತ್ತಿತ್ತಲ್ಲ! ಅಷ್ಟು ಎಳೆಯ ಮರಿಗೆ ಮೈ ಬಿಸಿ ಕಾಯ್ದುಕೊಳ್ಳಲು ಸರಿಯಾಗಿ ಬರುವುದಿಲ್ಲ. ಒರೆಸಿ ಒಣಗಿಸುವಷ್ಟರಲ್ಲಿ ನಡುಗುತ್ತಿತ್ತು. ಮೂರು ಸಲಕ್ಕೆ ಬಿಟ್ಟೆ. ಬೇಸಿಗೆಯಾಗಿದ್ದರೆ ಮುಂದುವರಿಸುತ್ತಿದ್ದೆನೇನೋ. ಹಳೆ ಸಾಕ್ಸಿಗೆ ತೂತು ಮಾಡಿ ತೂಗುಹಾಕಿದ ಜೋಲಿಯೂ ಹಾಗೇ. ಗುಂಡ ಅದರಲ್ಲಿ ನಿಲ್ಲಲಿಲ್ಲ, ನಿದ್ದೆ ಹೊಡೆಯಿತು. ಹರಳೆಣ್ಣೆ ಹಚ್ಚಿದ್ದನ್ನು ಚುಕ್ಕಿ ನೆಕ್ಕಿತು, ರಾತ್ರಿಯಿಡೀ ಅದಕ್ಕೆ ಭೇದಿ. ಕ್ಯಾಲ್ಸಿಯಂ ಸಿರಪ್ ಕೊಡಿ ಅಂತ ಬೀದಿಯವರೆಲ್ಲ ಹೇಳಿದರು. ಡಾಕ್ಟರ್ ಬೇಡ ಅಂದರು. ಇದು ಕ್ಯಾಲ್ಸಿಯಂ ಕೊರತೆ ಅಲ್ಲ, ದೊಡ್ಡ ಜಾತಿ ಮರಿಗೆ ಅದು ಜಾಸ್ತಿಯಾದರೆ ಮೂಳೆಗೇ ತೊಂದರೆ ಅಂತೆ.

ಯಾರೂ ಹೊಗಳದ ಒಂದು ಕೆಲಸ ಇದೆ, ಪಕ್ಕಕ್ಕೆ ಮಲಗಿಸುವುದು. ಎರಡು ಟವೆಲ್ ಸುರುಳಿ ಸುತ್ತಿ, ಬೆನ್ನಿಗೊಂದು ಹೊಟ್ಟೆಗೊಂದು ಕೊಟ್ಟು, ನಿದ್ದೆಯಲ್ಲಿ ಮಗುಚಿದಾಗಲೆಲ್ಲ ತಿರುಗಿಸಿ ಮಲಗಿಸಬೇಕು. ರಾತ್ರಿ ಎರಡಕ್ಕೂ ಎದ್ದಿದ್ದೇನೆ. ಗುಂಡನ ಎದೆ ದುಂಡಗಾಗಿದ್ದು ಇದರಿಂದಲೇ ಅಂತ ನನ್ನ ನಂಬಿಕೆ, ಟೇಪಿಗೂ ಎದೆಗೂ ಏನು ಸಂಬಂಧ? ಜೊತೆಗೆ, ತೂಕ ಇನ್ನೂ ಏರದಿರಲಿ ಅಂತ, ಹಾಲು ಜಾಸ್ತಿ ಬರುವ ಹಿಂದಿನ ಮೊಲೆಗಳಿಂದ ಗುಂಡನನ್ನು ಬಿಡಿಸಿ ಮುಂದಕ್ಕೆ ಹಾಕುತ್ತಿದ್ದೆವು. ಆಗ ಅದು ಮಾಡುತ್ತಿದ್ದ ಗಲಾಟೆ ಬೀದಿಗೇ ಕೇಳುತ್ತಿತ್ತು. ಹಾಲು ಮೂಗಿನಲ್ಲಿ ಬಂದರೆ, ಉಸಿರು ಗೊರಗೊರ ಅಂದರೆ, ಇದ್ಯಾವುದನ್ನೂ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಒಂದೇ ಒಂದನ್ನು ಆರಿಸು ಅಂದರೆ ನಾನು ಗೋಣಿಚೀಲ ಆರಿಸುತ್ತೇನೆ. ಟೇಪ್ ಕಟ್ಟಿದ ಗುಂಡ ನಯವಾದ ನೆಲದ ಮೇಲೆ ಎರಡೂ ಕಾಲು ಒಟ್ಟಿಗೆ ಜಾರಿಸಿಕೊಂಡು ಕೂರುತ್ತಿತ್ತು, ಅಷ್ಟೇ ವ್ಯತ್ಯಾಸ. ಗೋಣಿ ಮೇಲೆ ಟೇಪ್ ಇಲ್ಲದೆಯೂ ಒದ್ದಾಡಿ ಏಳಲು ನೋಡುತ್ತಿತ್ತು.

ಈಗ ಗುಂಡನಿಗೆ ನಾಲ್ಕು ತಿಂಗಳು. ಬಲ ಹಿಂಗಾಲು ಸ್ವಲ್ಪ ಹೊರಕ್ಕೆ ತಿರುಗಿದೆ, ಓಡುವಾಗ ಗೊತ್ತಾಗಲ್ಲ. ಕೆಂಪು ನೆಲಕ್ಕೆ ಇನ್ನೂ ಹೆದರುತ್ತದೆ. ಹಾಗಾಗಿ ನಡುಮನೆಯ ಉದ್ದಕ್ಕೂ ಬಾಗಿಲಿಂದ ಅಡುಗೆಮನೆಯವರೆಗೆ ಗೋಣಿಚೀಲದ ದಾರಿ ಹಾಸಿದ್ದೇವೆ. ಬಂದವರು ಕಾಫಿ ಒಣಗಿಸ್ತಿದ್ದೀರಾ ಅಂತ ಕೇಳುತ್ತಾರೆ.